ಐದು ಪ್ರತಿ ಬರೆದು ಐದು ಊರಿಗೆ ಕಳಿಸು

1857ರ ಮೊದಲ ತಿಂಗಳುಗಳಲ್ಲಿ ಉತ್ತರ ಹಿಂದೂಸ್ಥಾನದ ಹಳ್ಳಿಗಳಲ್ಲಿ ಚಪಾತಿಗಳು ಓಡಾಡಿದವು. ಒಂದೂರಿನ ಚೌಕಿದಾರ ಪಕ್ಕದೂರಿನ ಚೌಕಿದಾರನ ಕೈಗೆ ಚಪಾತಿ ಕೊಟ್ಟು, ಇಂಥವೇ ಇನ್ನಷ್ಟು ಸುಟ್ಟು ಮುಂದಿನ ಊರುಗಳಿಗೆ ಮುಟ್ಟಿಸು, ಅವರಿಗೂ ಹೀಗೇ ಹೇಳು ಅಂತ ಹೇಳಿ ಹೊರಟುಹೋಗ್ತಿದ್ದ. ಮಥುರೆಯ ಮ್ಯಾಜಿಸ್ಟ್ರೇಟ್ ಮಾರ್ಕ್ ಥಾರ್ನ್‌ಹಿಲ್ ಎಂಬ ಇಂಗ್ಲಿಷ್ ಅಧಿಕಾರಿ ಒಂದು ದಿನ ಕಚೇರಿಗೆ ಬಂದರೆ ಮೇಜಿನ ಮೇಲೆ ಒರಟು ಹಿಟ್ಟಿನ ನಾಲ್ಕು ಚಪಾತಿ. ಒಳಗೆ ಚೀಟಿ ಇಲ್ಲ, ಮೇಲೆ ಗುರುತಿಲ್ಲ. ತಂದವನನ್ನು ಕೇಳಿದರೆ, ನಂಗೆ ಗೊತ್ತಿಲ್ಲ ಸಾಹೇಬ, ಕೊಟ್ಟರು ತಂದೆ ಎನ್ನುತ್ತಾನೆ. ಒಂದು ರಾತ್ರಿಯಲ್ಲಿ ನೂರು ಮೈಲಿಗೂ ಮಿಕ್ಕಿ ಅವು ಸಾಗಿದವು ಎಂದು ಆ ಕಾಲದ ಅಧಿಕಾರಿಗಳು ಗಾಬರಿಯಿಂದ ಬರೆದಿಟ್ಟಿದ್ದಾರೆ. ಮೇ ತಿಂಗಳಲ್ಲಿ ಮೀರತ್‌ನಲ್ಲಿ ದಂಗೆ ಎದ್ದ ಮೇಲೆ, ಓ, ಇದು ಅದರ ಸಂಕೇತವೇ ಇರಬೇಕು ಎಂದುಕೊಂಡರು. ಕಾಲರಾ ಬಂದಾಗ ರೋಗವನ್ನು ಊರಾಚೆ ಸಾಗಹಾಕುವ ಹಳೆಯ ನಂಬಿಕೆ ಇದು ಎಂದು ಇತ್ತೀಚಿನ ಕೆಲವು ಇತಿಹಾಸಕಾರರು ಹೇಳ್ತಾರೆ. ಏನೇ ಇರಲಿ, ಅದರ ಅರ್ಥ ಅದನ್ನು ಹೊತ್ತವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೂ ಅವನು ಹೊತ್ತ.

ಚಪಾತಿಯ ಅರ್ಥ ಹುಡುಕುವುದರಲ್ಲಿ ವಿದ್ವಾಂಸರು ಬಹಳ ಕಾಗದ ಖರ್ಚು ಮಾಡಿದ್ದಾರೆ. ನಮಗೆ ಹುಟ್ಟುವ ಪ್ರಶ್ನೆ ಬೇರೆ. ಆ ಕತ್ತಲಲ್ಲಿ ಓಡಿದವನು ಯಾರು? ಆ ಸೀಮೆಯ ಹಳ್ಳಿಗಳಲ್ಲಿ ಚೌಕಿದಾರಿಕೆ ಬಹಳ ಕಡೆ ಪಾಸಿ, ದುಸಾಧ ಮುಂತಾದ ಕೀಳೆನಿಸಿಕೊಂಡ ಜಾತಿಗಳ ಪಾಲಿನ ಕೆಲಸ. ನಮ್ಮ ಕಡೆ ತೋಟಿ, ತಳವಾರ, ಕುಳವಾಡಿ ಅಂತಾರಲ್ಲ, ಅವರೇ. ಗೌಡರ ಮನೇಲಿ ಹೆಣ ಬಿದ್ದರೆ ಹತ್ತು ಹರದಾರಿ ಆಚೆಯ ನೆಂಟರ ಊರಿಗೆ ಬಿಸಿಲೋ ಮಳೆಯೋ ನಡೆದುಹೋಗಿ, ಅಂಗಳದಾಚೆ ನಿಂತು, ಅಳುಕುತ್ತಾ, 'ಬುದ್ಧೀ, ದೊಡ್ಡ ಗೌಡ್ರು ಹೋಗ್ಬುಟ್ರು' ಅಂತ ಕೂಗಿ ಹೇಳಬೇಕು. ಸಂತೆ ಬದಲಾದರೆ, ಕಂದಾಯ ಕಟ್ಟುವ ದಿನ ಬಂದರೆ, ಜಾತ್ರೆ ಗೊತ್ತಾದರೆ ತಮಟೆ ಹೊಡೆದು ಸಾರಬೇಕು. ಹೊತ್ತ ಸುದ್ದಿಗಳಲ್ಲಿ ಒಂದೂ ಅವನದಲ್ಲ. ಅವನ ಮನೇಲಿ ಸಾವಾದರೆ ಯಾರೂ ಯಾರ ಊರಿಗೂ ನಡೆಯುತ್ತಿರಲಿಲ್ಲ. ಮಹಾರಾಷ್ಟ್ರದ ಮಹಾರರಿಗೂ ಇದೇ ಬಿಟ್ಟಿ. ಆ ವತನದ ಸಂಕೋಲೆ ಕಳಚಲಿಕ್ಕೆಂದೇ ಅಂಬೇಡ್ಕರ್ 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ನಮ್ಮಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕುವ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆ ಬಂದ ಮೇಲೂ ಎಷ್ಟೋ ಊರಲ್ಲಿ ತಮಟೆ ನಿಲ್ಲಲಿಲ್ಲ. ಕೇರಿಯ ಹುಡುಗರೇ ಎದ್ದು, ಇನ್ನು ಬಡಿಯೋದಿಲ್ಲ ಅಂದಾಗ ನಿಂತಿತು. ಅದಕ್ಕೆ ಬಹಿಷ್ಕಾರ ಹಾಕಿಸಿಕೊಂಡ ಕೇರಿಗಳ ಪಟ್ಟಿ ದೊಡ್ಡದಿದೆ.

ಇದನ್ನೆಲ್ಲ ಯಾಕೆ ಹೇಳಬೇಕಾಯಿತು ಅಂದರೆ, ಈಗ ನಮ್ಮ ಹುಡುಗ ಹುಡುಗಿಯರ ಕೈಯಲ್ಲೆಲ್ಲ ಫೋನಿದೆ. ಸಂಘಟನೆಯ ಸಭೆ ಅಂದರೆ ಅರ್ಧ ಹೊತ್ತು ಇದೇ ಮಾತು. ನಮ್ಮ ಪೋಸ್ಟನ್ನು ಜನ ಯಾಕೆ ಷೇರ್ ಮಾಡೋದಿಲ್ಲ, ಹೇಗೆ ಬರೆದರೆ ಷೇರ್ ಮಾಡ್ತಾರೆ, ಎಷ್ಟು ಹೊತ್ತಿಗೆ ಹಾಕಬೇಕು. ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮಾತು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದಕ್ಕೆ ಒಂದು ಇತಿಹಾಸ ಇದೆ. ಆ ಇತಿಹಾಸದ ಬಹುಪಾಲು ಹೆದರಿಕೆಯದು, ಮಿಕ್ಕದ್ದರಲ್ಲಿ ಬಹುಪಾಲು ಆಸೆಯದು.

ಹೆದರಿಕೆಯ ಲೆಕ್ಕ ನೋಡಿ. 1917ರಲ್ಲಿ ಬಿಹಾರದ ಶಾಹಾಬಾದ್ ಜಿಲ್ಲೆಯಲ್ಲಿ ಬಕ್ರೀದ್ ಸಮಯಕ್ಕೆ ಪಟಿಯಾ ಎಂಬ ಚೀಟಿಗಳು ಹಳ್ಳಿಯಿಂದ ಹಳ್ಳಿಗೆ ಹೋದವು. ಇಂಥ ದಿನ ಇಂಥ ಊರಿನ ಮುಸಲ್ಮಾನರ ಮನೆಗಳನ್ನು ಲೂಟಿ ಮಾಡಬೇಕು ಎಂಬುದು ಒಕ್ಕಣೆ. ಕೆಳಗೆ, ಇದನ್ನು ಕಂಡವನು ಐದು ಪ್ರತಿ ಬರೆದು ಐದು ಊರಿಗೆ ಕಳಿಸಬೇಕು, ಕಳಿಸದವನಿಗೆ ಗೋಹತ್ಯೆಯ ಪಾಪ. ನೂರಕ್ಕೂ ಹೆಚ್ಚು ಹಳ್ಳಿಗಳು ಲೂಟಿಯಾದವು. ಜ್ಞಾನೇಂದ್ರ ಪಾಂಡೆ ಎಂಬ ಇತಿಹಾಸಕಾರರು ಈ ಪಟಿಯಾಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ಆ ಚೀಟಿಯ ರಚನೆಯನ್ನು ಗಮನಿಸಬೇಕು. ನೀನು ಒಪ್ಪುತ್ತೀಯಾ ಇಲ್ಲವಾ ಎಂದು ಅದು ಕೇಳುವುದೇ ಇಲ್ಲ. ಅದಕ್ಕೆ ಬೇಕಾಗಿರುವುದು ನಿನ್ನ ಬುದ್ಧಿಯಲ್ಲ, ನಿನ್ನ ಕೈ. ಕೈ ಹಿಂದೆಗೆದರೆ ನೀನು ಧರ್ಮದ ಹೊರಗೆ. ಧರ್ಮದ ಹೊರಗೆ ಬೀಳುವ ಭಯ ಯಾರಿಗೆ ಜಾಸ್ತಿ? ಅರ್ಧ ಹೊರಗೇ ಇರುವವನಿಗೆ. ಮೇಲಿನ ಮೆಟ್ಟಿಲಿಗೆ ಕಾಲಿಡಲು ತವಕಿಸುತ್ತಿದ್ದ ದನಗಾಹಿ, ಒಕ್ಕಲು ಜಾತಿಗಳ ಜನ ಆ ಗೋರಕ್ಷಣೆಯ ಗುಂಪುಗಳಲ್ಲಿ ಮುಂದೆ ನಿಂತದ್ದು ಆಕಸ್ಮಿಕ ಅಲ್ಲ.

ಆಸೆಯ ಲೆಕ್ಕ ಇನ್ನೊಂದು. 1935ರಲ್ಲಿ, ಜಗತ್ತಿನ ದೊಡ್ಡ ಆರ್ಥಿಕ ಕುಸಿತದ ಹೊತ್ತಿನಲ್ಲಿ, ಅಮೆರಿಕದ ಡೆನ್ವರ್ ಪಟ್ಟಣದಿಂದ ಒಂದು ಕಾಗದ ಹೊರಟಿತು. ಅದರಲ್ಲಿ ಆರು ಹೆಸರು. ಮೊದಲನೆಯವನಿಗೆ ಒಂದು ಡೈಮು, ಅಂದರೆ ಹತ್ತು ಸೆಂಟು, ಕಳಿಸಿ ಅವನ ಹೆಸರು ಹೊಡೆದುಹಾಕು. ಕೊನೆಯಲ್ಲಿ ನಿನ್ನ ಹೆಸರು ಬರೆ. ಐದು ಪ್ರತಿ ಮಾಡಿ ಐದು ಸ್ನೇಹಿತರಿಗೆ ಕಳಿಸು. ನಿನ್ನ ಹೆಸರು ತಲೆಗೆ ಬರುವ ಹೊತ್ತಿಗೆ 15,625 ಡೈಮು, ಅಂದರೆ 1,562 ಡಾಲರ್ 50 ಸೆಂಟು ನಿನ್ನ ಮನೆ ಬಾಗಿಲಿಗೆ. ಕೆಲಸ ಕಳಕೊಂಡು ಕೂತವರಿಗೆ ಇದಕ್ಕಿಂತ ಸಿಹಿಯಾದ ಲೆಕ್ಕ ಯಾವುದು? ಡೆನ್ವರ್‌ನ ಅಂಚೆ ಕಚೇರಿ ಕಾಗದಗಳಲ್ಲಿ ಮುಳುಗಿಹೋಯಿತು. ಆ ಲೆಕ್ಕವನ್ನು ಮುಂದುವರಿಸಿದರೆ ಹನ್ನೆರಡನೇ ಸುತ್ತಿಗೆ 24 ಕೋಟಿ 41 ಲಕ್ಷ ಜನ ಬೇಕು. ಆಗ ಅಮೆರಿಕದಲ್ಲಿ ಇದ್ದವರೇ ಸುಮಾರು 12 ಕೋಟಿ 70 ಲಕ್ಷ. ಕೆಲವೇ ವಾರಗಳಲ್ಲಿ ಸರಪಣಿ ಕಡಿಯಿತು. ಮೊದಲು ಸೇರಿದವರು ದುಡ್ಡು ಎಣಿಸಿಕೊಂಡರು, ಕೊನೆಗೆ ಸೇರಿದವರು ಡೈಮೂ ಕಳಕೊಂಡು ಅಂಚೆ ಚೀಟಿಯ ದುಡ್ಡೂ ಕಳಕೊಂಡರು. ನಮ್ಮ ದೇಶದಲ್ಲಿ ಇಂಥ ಹಣದ ಸರಪಣಿಗಳನ್ನು ನಿಷೇಧಿಸುವ ಕಾನೂನು ಬಂದದ್ದು 1978ರಲ್ಲಿ. ಬಂದ ಮೇಲೂ ಬೇರೆ ಬೇರೆ ವೇಷದಲ್ಲಿ ಅವು ಬರುತ್ತಲೇ ಇವೆ, ಅದು ಬೇರೆ ಮಾತು.

ಈ ಎರಡನ್ನೂ, ಹೆದರಿಕೆ ಆಸೆ ಎರಡನ್ನೂ, ಒಂದೇ ಕಾಗದದಲ್ಲಿ ಮಡಚಿ ಕೊಟ್ಟದ್ದು ನಮ್ಮ ಪುರೋಹಿತಶಾಹಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ಬದುಕಿದವರಿಗೆ ಆ ಕರಪತ್ರ ನೆನಪಿರಬೇಕು. ಇಂಥ ದೇವಸ್ಥಾನದಲ್ಲಿ ಸರ್ಪ ಕಾಣಿಸಿಕೊಂಡಿತು, ಅರ್ಚಕರೊಡನೆ ಮಾತಾಡಿತು. ಇದನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಿದವನಿಗೆ ಲಾಟರಿ ಹೊಡೆಯಿತು. ಹರಿದು ಹಾಕಿದವನ ಮಗ ಸತ್ತ. ಅಚ್ಚು ಹಾಕಿಸಲು ಗತಿಯಿಲ್ಲದವರಿಗೆ ಪೋಸ್ಟ್ ಕಾರ್ಡು. 15 ಪೈಸೆಯ ಕಾರ್ಡು ಹನ್ನೊಂದೋ ಇಪ್ಪತ್ತೊಂದೋ ಕೊಂಡು ಬರೆಯಬೇಕು. ನಮ್ಮ ಕೇರಿಗೆ ಅಂಥ ಒಂದು ಕಾರ್ಡು ಬಂದಾಗ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಏಳನೇ ಕ್ಲಾಸು. ಯಾರ ಹೆಸರಿಗೆ ಬಂದಿತ್ತೋ ಆ ಮುದುಕಿ ಕಡ್ಡಿಪುಡಿ ಬಾಯಿಗೆ ಹಾಕಿಕೊಂಡು ಪೂರ್ತಿ ಕೇಳಿದಳು.

'ಬರೀದಿದ್ರೆ ಏನಾಯ್ತದಂತಪ್ಪ?'

'ಮನೇಲಿ ಸಾವು ನೋವು, ದನ ಕರ ಹೋಯ್ತವೆ, ಅಂತ ಬರದದೆ ಅವ್ವ.'

'ಅದು ಬರೆದ್ರೂ ಆಯ್ತದೆ, ಬರೀದಿದ್ರೂ ಆಯ್ತದೆ. ಒಲೇಗಾಕು.'

ಸಾವಿರ ಪ್ರತಿಯ ಕರಪತ್ರದಲ್ಲಿ ಲಾಟರಿ ಹೊಡೆದದ್ದು ಒಬ್ಬನಿಗೇ, ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕನಿಗೆ. ಈ ಮಾತನ್ನು ಮುಂದೆ ಕಂಪ್ಯೂಟರ್ ಕಂಪನಿಗಳ ವಿಷಯ ಬಂದಾಗ ನೆನಪಿಟ್ಟುಕೊಳ್ಳಬೇಕು. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಎಂಬ ಸುದ್ದಿ ದೆಹಲಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಹುಟ್ಟಿ, ಅದೇ ದಿನ ಲಂಡನ್ನಿನ ಗುಡಿಗಳ ಮುಂದೆಯೂ ಸಾಲು ನಿಲ್ಲಿಸಿತು. ಆಗ ವಾಟ್ಸಾಪು ಎಲ್ಲಿತ್ತು? ಎಸ್‌ಟಿಡಿ ಬೂತು, ಮನೆ ಟೆಲಿಫೋನು ಅಷ್ಟೆ. ಕಲ್ಲಿನ ಮೇಲೆ ಹಾಲು ತೆಳ್ಳಗೆ ಹರಡಿ ಇಳಿಯುತ್ತದೆ ಎಂಬ ವಿಜ್ಞಾನಿಗಳ ವಿವರಣೆಗೆ ಅಷ್ಟು ವೇಗ ಸಿಗಲಿಲ್ಲ.

ಈಗ ನಮ್ಮ ಕಡೆಗೆ ತಿರುಗೋಣ. ಹೆದರಿಸುವ ಶಕ್ತಿಯೂ ಇಲ್ಲದ, ಆಸೆ ತೋರಿಸಲು ಕಾಸೂ ಇಲ್ಲದ ಜನ ತಮ್ಮ ಮಾತನ್ನು ಹೇಗೆ ಸಾಗಿಸಿದರು?

1920ರ ಜನವರಿ 31ರಂದು ಅಂಬೇಡ್ಕರ್ ಮುಂಬಯಿಯಲ್ಲಿ 'ಮೂಕನಾಯಕ' ಎಂಬ ಪಾಕ್ಷಿಕ ಶುರು ಮಾಡಿದರು. ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಪತ್ರಿಕೆ ಬರ್ತಾ ಇದೆ ಎಂದು ಒಂದು ಜಾಹೀರಾತು ಹಾಕಿ ಅಂತ 'ಕೇಸರಿ' ಪತ್ರಿಕೆಯನ್ನು ಕೇಳಿದರು. ಪುಕ್ಕಟೆ ಅಲ್ಲ, ದುಡ್ಡು ಕೊಟ್ಟು. ಕೇಸರಿ ಹಾಕಲಿಲ್ಲ. ಸ್ವರಾಜ್ಯ ಜನ್ಮಸಿದ್ಧ ಹಕ್ಕು ಎಂದ ತಿಲಕರು ಆಗ ಇನ್ನೂ ಬದುಕಿದ್ದರು. ನಮ್ಮ ಪೋಸ್ಟನ್ನು ಯಾರೂ ಷೇರ್ ಮಾಡ್ತಾ ಇಲ್ಲ ಎಂದು ಬೇಜಾರಾಗುವ ಹುಡುಗರು ಈ ಪ್ರಸಂಗವನ್ನು ಒಂದು ಸಲ ಓದಬೇಕು. ದುಡ್ಡು ಕೊಟ್ಟರೂ ಅವರು ನಮ್ಮ ಹೆಸರನ್ನು ಮುಂದಕ್ಕೆ ದಾಟಿಸಲಿಲ್ಲ.

ಮೂಕನಾಯಕ 1923ಕ್ಕೆ ನಿಂತಿತು. 1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ ಹೋರಾಟ, ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ'. ಅಂಬೇಡ್ಕರ್ ಬಹುಪಾಲು ಕಾಲಂಗಳನ್ನು ತಾವೊಬ್ಬರೇ ಕೂತು ಬರೆಯುತ್ತಿದ್ದರು. ಓದುವವರು ಎಷ್ಟು ಜನ? 1961ರಲ್ಲೇ ಪರಿಶಿಷ್ಟ ಜಾತಿಗಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 10.27 ಅಂದರೆ 1927ರ ಮಾತು ಹೇಳಬೇಕಾದ್ದಿಲ್ಲ. ಪತ್ರಿಕೆ ಸಾಗಿದ ದಾರಿಯೇ ಬೇರೆ. ಗಿರಣಿ ಕಾರ್ಮಿಕರ ಚಾಳುಗಳಲ್ಲಿ ಅಕ್ಷರ ಕಲಿತ ಒಬ್ಬ ಹುಡುಗ ಓದುತ್ತಾನೆ, ಸುತ್ತ ಕೂತವರು ಕೇಳುತ್ತಾರೆ. ರಜೆಗೆ ಊರಿಗೆ ಹೋದ ಕಾರ್ಮಿಕ ಕೇಳಿದ್ದನ್ನು ಊರಲ್ಲಿ ಹೇಳುತ್ತಾನೆ. ಜಲಸಾ ಕಲಾವಿದರು ಅದನ್ನು ಹಾಡು ಕಟ್ಟಿ ಆಡುತ್ತಾರೆ. ಭೀಮರಾವ್ ಕರ್ಡಕ್ ಅವರ ಜಲಸಾ ತಂಡ ಹಳ್ಳಿ ಹಳ್ಳಿ ಸುತ್ತಿತು. ಫುಲೆಯವರು 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದ ಕಾಲದಿಂದ ಬಂದ ಪದ್ಧತಿ ಇದು. ಹೇಳುವವನು ಕೇಳುವವನ ಎದುರಿಗೇ ಇರ್ತಿದ್ದ. ಸುಳ್ಳು ಹೇಳಿದರೆ ಅಲ್ಲೇ ಹಿಡಿಯಬಹುದಿತ್ತು.

ನಮ್ಮಲ್ಲೂ ಹಾಗೇ ಆಯ್ತು. ಎಪ್ಪತ್ತರ ದಶಕದಲ್ಲಿ 'ಪಂಚಮ', 'ಶೂದ್ರ'ದಂಥ ಪತ್ರಿಕೆಗಳ ಒಂದು ಪ್ರತಿ ಹಾಸ್ಟೆಲಿಗೆ ಬಂದರೆ ಅದು ಇಡೀ ಹಾಸ್ಟೆಲಿನದು. ರಟ್ಟು ಹರಿದು, ಮೊದಲ ಪುಟ ಹೋಗಿ, ಯಾರ ಲೇಖನ ಎಂದೇ ಗೊತ್ತಾಗದಷ್ಟು ಹಳೆಯದಾದ ಮೇಲೂ ಓದುತ್ತಿದ್ದರು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಪುಸ್ತಕವನ್ನು ಕಣ್ಣಿಂದ ನೋಡದವರ ಬಾಯಲ್ಲೂ ಅದರ ಹಾಡು ಇದ್ದವು. ಯಾರೂ ಅವರಿಗೆ, ಇದನ್ನು ಹನ್ನೊಂದು ಜನಕ್ಕೆ ಹಾಡು, ಇಲ್ಲದಿದ್ದರೆ ಪಾಪ ತಗಲುತ್ತೆ ಅಂತ ಹೇಳಿರಲಿಲ್ಲ. ಹಾಡು ಅವರ ಬಾಯಿಗೆ ಹೊಂದುತ್ತಿತ್ತು, ಮೆರವಣಿಗೆಯ ಹೆಜ್ಜೆಗೆ ಹೊಂದುತ್ತಿತ್ತು. ಅವರ ಮನೆಯ ಮಾತನ್ನೇ ಅದು ಹೇಳುತ್ತಿತ್ತು. 1979ರ ಸಮುದಾಯ ಜಾಥಾ ಸುತ್ತಿದ ಊರುಗಳಲ್ಲೂ ಜನ ಉಳಿಸಿಕೊಂಡದ್ದು ಭಾಷಣವನ್ನಲ್ಲ, ಹಾಡನ್ನು.

ಇನ್ನೊಂದು ದಾರಿಯೂ ಇದೆ. ವೈರಿಯ ಬೆನ್ನೇರಿ ಹೋಗುವ ದಾರಿ. ಅದರ ರುಚಿ, ಕಹಿ ಎರಡೂ ನಮಗೆ ಗೊತ್ತು. 1973ರ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕು ಅಂತಲೂ ಅಂದರು. ಆ ಭಾಷಣದಲ್ಲಿ ನಾಡಿಗೆಲ್ಲ ಹೋದ ಪದ ಒಂದೇ, ಬೂಸಾ. ಹೊತ್ತುಕೊಂಡು ಹೋದವರು ಯಾರು? ಅವರನ್ನು ವಿರೋಧಿಸಿದವರೇ. ಇಂಗ್ಲಿಷ್ ಕಲಿಯಿರಿ ಎಂಬ ಮಾತು, ಯಾಕೆ ಕಲಿಯಬೇಕು ಎಂಬ ಕಾರಣ ಯಾರ ಬಾಯಿಗೂ ಹತ್ತಲಿಲ್ಲ. ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು ಬಿದ್ದವು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಹಿಂದಿನ ವರ್ಷ, 1972ರ ಆಗಸ್ಟ್ 15ರ 'ಸಾಧನಾ' ಪತ್ರಿಕೆಯಲ್ಲಿ ರಾಜಾ ಢಾಲೆ ಬರೆದ ಲೇಖನಕ್ಕೂ ಹೀಗೇ ಆಗಿತ್ತು. ರಾಷ್ಟ್ರಧ್ವಜಕ್ಕೆ ಅವಮಾನ ಮಾಡಿದರೆ 300 ರೂಪಾಯಿ ದಂಡ, ದಲಿತ ಹೆಂಗಸಿನ ಸೀರೆ ಸೆಳೆದರೆ 50 ರೂಪಾಯಿ ಎಂದು ಅವರು ಹೋಲಿಸಿ ಸಿಟ್ಟಿನ ಮಾತಾಡಿದ್ದರು. ಧ್ವಜದ ವಿಷಯ ಎಲ್ಲೆಲ್ಲೂ ಗುಲ್ಲಾಯಿತು, 50 ರೂಪಾಯಿಯ ವಿಷಯ ಮಾತ್ರ ಬಹಳ ಜನಕ್ಕೆ ಕೇಳಿಸಲೇ ಇಲ್ಲ. ಆದರೂ ಇವೆರಡೂ ವ್ಯರ್ಥವಾಗಲಿಲ್ಲ. ದಲಿತ ಪ್ಯಾಂಥರ್ ಬೆಳೆಯುವುದಕ್ಕೆ ಆ ಗುಲ್ಲು ಗಾಳಿ ಹಾಕಿತು, ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಹುಡುಗರು ಬೂಸಾ ಗಲಾಟೆಯಲ್ಲಿ ಬೆಂದು ಬಂದವರು. ಆದರೆ ವೈರಿಯು ಹೊರುವಾಗ ತನಗೆ ಬೇಕಾದ ಒಂದು ಪದವನ್ನು ಆರಿಸಿಕೊಂಡು ಮಿಕ್ಕದ್ದನ್ನು ದಾರಿಯಲ್ಲಿ ಚೆಲ್ಲಿ ಹೋಗುತ್ತಾನೆ ಎಂಬುದನ್ನು ಮರೆಯಬಾರದು. ಫೇಸ್‌ಬುಕ್ಕಿನಲ್ಲಿ ಉದ್ದೇಶಪೂರ್ವಕ ಕೆಣಕಿ ಬರೆದು, ನೋಡು ಎಷ್ಟು ಷೇರ್ ಆಯ್ತು ಅಂತ ಬೀಗುವವರಿಗೆ ಈ ಮಾತು.

ಈಗ ಯಂತ್ರದ ಕಥೆ. ಆಗ ಟ್ವಿಟರ್ ಎಂಬ ಹೆಸರಿದ್ದ ತಾಣದಲ್ಲಿ ಜನ ಮೊದಮೊದಲು ಇನ್ನೊಬ್ಬರ ಮಾತನ್ನು ಕೈಯಾರೆ ನಕಲು ಮಾಡಿ, ಇದು ಇಂಥವರದು ಎಂದು ಹೆಸರು ಬರೆದು ದಾಟಿಸುತ್ತಿದ್ದರು. ಹೆಚ್ಚುಕಡಿಮೆ ಪೋಸ್ಟ್ ಕಾರ್ಡು ಬರೆದ ಹಾಗೆಯೇ. 2009ರ ನವೆಂಬರ್‌ನಲ್ಲಿ ಕಂಪನಿ ಅದಕ್ಕೊಂದು ಗುಂಡಿ ಮಾಡಿಕೊಟ್ಟಿತು. ಒತ್ತಿದರೆ ಸಾಕು. ನಕಲು ಮಾಡುವಾಗ ಸಿಗುತ್ತಿದ್ದ ಅರ್ಧ ನಿಮಿಷ, ಇದು ನಿಜವೋ ಸುಳ್ಳೋ ಅಂತ ಒಂದು ಗಳಿಗೆ ಅನುಮಾನ ಬರಲು ಇದ್ದ ಜಾಗ ಹೋಯಿತು. ಆ ಗುಂಡಿ ಮಾಡಿದ ಕ್ರಿಸ್ ವೆದರೆಲ್ ಎಂಬಾತನೇ 2019ರಲ್ಲಿ, ನಾಲ್ಕು ವರ್ಷದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಕೊಟ್ಟಂತಾಯಿತೇನೋ ಎಂಬ ಅರ್ಥದ ಮಾತಾಡಿದ. 2016ರ ಒಂದು ಅಧ್ಯಯನದಲ್ಲಿ, ಅಲ್ಲಿ ಷೇರ್ ಆದ ಕೊಂಡಿಗಳಲ್ಲಿ ನೂರಕ್ಕೆ 59ನ್ನು ಯಾರೂ ತೆರೆದೇ ನೋಡಿರಲಿಲ್ಲ ಎಂದು ತಿಳಿಯಿತು. ಓದದೆಯೇ ದಾಟಿಸಿದ್ದರು. ಚಪಾತಿ ಹೊತ್ತ ಚೌಕಿದಾರನಿಗೆ ಒಳಗೆ ಏನೂ ಬರೆದಿಲ್ಲ ಅಂತಲಾದರೂ ಗೊತ್ತಿತ್ತು.

ಯಾವ ಮಾತು ಹೆಚ್ಚು ಹೋಗುತ್ತದೆ ಎಂದು ಲೆಕ್ಕ ಹಾಕಿದವರಿದ್ದಾರೆ. ಜೋನಾ ಬರ್ಜರ್, ಕ್ಯಾಥರಿನ್ ಮಿಲ್ಕ್‌ಮನ್ ಎಂಬ ಇಬ್ಬರು ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಸುಮಾರು 7,000 ಬರಹಗಳನ್ನು ತೆಗೆದುಕೊಂಡು, ಜನ ಯಾವುದನ್ನು ಗೆಳೆಯರಿಗೆ ಇಮೇಲ್ ಮಾಡಿದರು ಎಂದು ನೋಡಿ 2012ರಲ್ಲಿ ಪ್ರಕಟಿಸಿದರು. ಬೆರಗು ಹುಟ್ಟಿಸುವುದು ಹೋಗುತ್ತದೆ. ಸಿಟ್ಟು ಹೋಗುತ್ತದೆ. ಆತಂಕ ಹೋಗುತ್ತದೆ. ದುಃಖ ಹೋಗುವುದಿಲ್ಲ. ದುಃಖದ ಬರಹವನ್ನು ಓದಿ, ನಿಟ್ಟುಸಿರು ಬಿಟ್ಟು, ಪಕ್ಕಕ್ಕಿಡುತ್ತಾರೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುದ್ದಿಗಳನ್ನು ನೋಡಿತು. ಸುಳ್ಳು ಸುದ್ದಿಯನ್ನು ಜನ ದಾಟಿಸುವ ಸಂಭವ ನಿಜಕ್ಕಿಂತ ನೂರಕ್ಕೆ 70ರಷ್ಟು ಜಾಸ್ತಿ. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕು. ಫೇಸ್‌ಬುಕ್ ಕಂಪನಿ 2017ರಿಂದ ತನ್ನ ಲೆಕ್ಕದಲ್ಲಿ ಒಂದು ಸಿಟ್ಟಿನ ಮುಖಕ್ಕೆ ಐದು ಲೈಕಿನ ತೂಕ ಕೊಟ್ಟಿತ್ತು ಎಂಬುದು ಆಮೇಲೆ ಹೊರಬಿದ್ದ ದಾಖಲೆಗಳಿಂದ ಗೊತ್ತಾಯಿತು. 2020ರಲ್ಲಿ ಆ ತೂಕವನ್ನು ಸೊನ್ನೆ ಮಾಡಿದರು. ಅಷ್ಟರಲ್ಲಿ ಜನ ಬೇಕಾದಷ್ಟು ಸಿಟ್ಟು ಮಾಡಿಕೊಂಡಾಗಿತ್ತು. ಸಿಟ್ಟು ಮಾಡಿಕೊಂಡಷ್ಟೂ ಹೊತ್ತು ಪರದೆಯ ಮುಂದೆ ಕೂರುತ್ತಾರೆ, ಕೂತಷ್ಟೂ ಹೊತ್ತು ಜಾಹೀರಾತು. ಪ್ರೆಸ್ಸಿನ ಮಾಲೀಕನ ಮಾತು ಹೇಳಿದೆನಲ್ಲ, ಇದೇ ಅದು.

ಹಾಗಾದರೆ ನಮ್ಮ ಸುದ್ದಿಯ ಗತಿ ಏನು? ನಮ್ಮ ಸುದ್ದಿಯಲ್ಲಿ ಮುಕ್ಕಾಲು ಪಾಲು ದುಃಖ, ಮತ್ತು ಎಲ್ಲವೂ ನಿಜ. ಎರಡೂ ಯಂತ್ರದ ತಕ್ಕಡಿಯಲ್ಲಿ ತೂಗದ ಸರಕು. 2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದೇ ದಲಿತ ಕುಟುಂಬದ ನಾಲ್ವರನ್ನು ಕೊಂದಾಗ ದೊಡ್ಡ ಪತ್ರಿಕೆಗಳು ವಾರಗಟ್ಟಲೆ ಅದನ್ನು ಅಕ್ರಮ ಸಂಬಂಧದ ಜಗಳ ಎಂಬಂತೆ ಬರೆದುಕೊಂಡು ಕೂತವು. ಸತ್ಯಶೋಧನೆಯ ವರದಿಗಳನ್ನು, ಚಿತ್ರಗಳನ್ನು ಜೆರಾಕ್ಸ್ ಮಾಡಿ, ಇಮೇಲಿನಲ್ಲಿ ಕಳಿಸಿ ನಾಡಿಗೆ ತಿಳಿಸಿದವರು ಅಂಬೇಡ್ಕರವಾದಿ ಕಾರ್ಯಕರ್ತರು. ಬೀದಿ ಸಿಡಿದದ್ದು ನವೆಂಬರ್‌ನಲ್ಲಿ. ಅವರು ಮಾಡಿದ್ದು ಆಗ ಅನಿವಾರ್ಯವಾಗಿತ್ತು. ಆದರೆ ಅಲ್ಲಿಂದ ಈಚೆಗೆ ನಮ್ಮವರಲ್ಲೇ ಒಂದು ಚಾಳಿ ಬೆಳೆದಿದೆ. ನಮ್ಮ ಹೆಣ್ಣುಮಕ್ಕಳ ಹೆಣದ ಚಿತ್ರ, ಸುಟ್ಟ ಮೈಯ ಚಿತ್ರ, ಬೆತ್ತಲೆ ಮಾಡಿದ ಚಿತ್ರ ಹಾಕಿ, 'ರಕ್ತ ಕುದಿಯದಿದ್ದರೆ ನೀನು ಭೀಮಪುತ್ರನೇ ಅಲ್ಲ, ಷೇರ್ ಮಾಡು' ಅಂತ ಬರೆಯೋದು. ಇದನ್ನು ನಾನು ಒಪ್ಪೋದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕುವುದು ಕಾನೂನಿನ ಪ್ರಕಾರ ಅಪರಾಧ. ಹಿಂದೆ ದಂಡಸಂಹಿತೆಯ 228ಎ ಕಲಂ, 2024ರ ಜುಲೈನಿಂದ ನ್ಯಾಯ ಸಂಹಿತೆಯ 72ನೇ ಕಲಂ. ಕಾನೂನು ಆಚೆ ಇರಲಿ. ಮೇಲ್ಜಾತಿಯ ಮನೆಯ ಹೆಣ್ಣುಮಗಳ ಹೆಣದ ಚಿತ್ರ ಹೀಗೆ ಫೋನಿಂದ ಫೋನಿಗೆ ಓಡಾಡಿದ್ದನ್ನು ಎಷ್ಟು ಸಲ ನೋಡಿದ್ದೀರಿ? ನಮ್ಮ ಮೈಗೆ ಬದುಕಿದ್ದಾಗ ಇಲ್ಲದ ಮರ್ಯಾದೆ ಸತ್ತ ಮೇಲೂ ಬೇಡವೆಂದು ನಾವೇ ಒಪ್ಪಿಕೊಂಡಂತಾಯಿತು. 'ಭೀಮಪುತ್ರನೇ ಅಲ್ಲ' ಎಂಬ ಆ ಒಕ್ಕಣೆಯನ್ನು ಇನ್ನೊಂದು ಸಲ ಓದಿ. 'ಗೋಹತ್ಯೆಯ ಪಾಪ' ತೆಗೆದು ಆ ಜಾಗಕ್ಕೆ ಇದನ್ನು ಕೂರಿಸಿದ್ದಾರೆ ಅಷ್ಟೆ. ಕಾಗದ ಅದೇ ಪಟಿಯಾ.

ಪಟಿಯಾ ಯಾರನ್ನು ಕೊಲ್ಲುತ್ತದೆ ಎಂಬುದಕ್ಕೂ ಲೆಕ್ಕ ಇದೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ, ಹೋಟೆಲು ಕೆಲಸದವರು, ಸೆಕ್ಯುರಿಟಿ ಗಾರ್ಡುಗಳು, ವಿದ್ಯಾರ್ಥಿಗಳು, ದಾಳಿ ಆಗುತ್ತದೆ ಎಂಬ ಎಸ್ಎಂಎಸ್ ಗಾಳಿಸುದ್ದಿಗೆ ಹೆದರಿ ಗುವಾಹಟಿಯ ರೈಲು ಹತ್ತಿದರು. ಸರ್ಕಾರ ಹದಿನೈದು ದಿನ, ದಿನಕ್ಕೆ ಐದು ಎಸ್ಎಂಎಸ್‌ಗಿಂತ ಹೆಚ್ಚು ಒಟ್ಟಿಗೆ ಕಳಿಸಬಾರದು ಎಂದು ಕಟ್ಟು ಹಾಕಿತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ. ಅದು ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಯ ಅರಿವಿಗೆಂದು ಮಾಡಿಸಿದ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ಕೊನೆಯನ್ನು ಕತ್ತರಿಸಿ ಹರಡಿದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಸಂತೆಯ ದಿನ ಐವರನ್ನು ಹೊಡೆದು ಕೊಂದರು. ಸತ್ತವರು ನಾಥಪಂಥಿ ದವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು, ಊರೂರು ತಿರುಗಿ ಭಿಕ್ಷೆ ಬೇಡುವವರು. ಜುಲೈ 13ರಂದು ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬರನ್ನು ಕೊಂದರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಯಿತು. ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೆ, ಕಾರಿಗಿಂತ ಮುಂಚೆ ಅವರ ಚಿತ್ರ ಮುಂದಿನ ಊರಿನ ವಾಟ್ಸಾಪ್ ಗುಂಪಿಗೆ ಹೋಗಿ ದಾರಿ ಅಡ್ಡಗಟ್ಟಿಸಿತ್ತು. ಅಲೆಮಾರಿ, ಮುಸಲ್ಮಾನ, ಪರಊರಿನ ಕೂಲಿ. ಗುರುತು ಹೇಳುವವರಿಲ್ಲದವರೇ ಸಿಕ್ಕಿಬೀಳುತ್ತಾರೆ.

ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂದು ಮಿತಿ ಹಾಕಿತು. ಮತ್ತೆ ಐದು! 1917ರ ಪಟಿಯಾ ಕೇಳಿದ್ದೂ ಐದೇ ಪ್ರತಿ, ಡೆನ್ವರ್ ಕಾಗದ ಕೇಳಿದ್ದೂ ಐದೇ. ಐದರ ಮೇಲೆ ಐದು ಬೆಳೆದರೆ ಎಷ್ಟಾಗುತ್ತದೆ ಎಂದು ಮೇಲೆ ನೋಡಿದೆವು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗೆ ಮಾತ್ರ ಎಂದು ಇನ್ನೂ ಬಿಗಿ ಮಾಡಿದರು.

ಇದೇ ಯಂತ್ರದ ಮೇಲೆ ನಮ್ಮ ಮಾತು ಹೋದದ್ದು ಇಲ್ಲವೇ? ಇದೆ. 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಬರೆದಿಟ್ಟು ಹೋದ ಪತ್ರ ಒಂದೆರಡು ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಕನ್ನಡಕ್ಕೂ ಬಂತು, ಬೇರೆ ಬೇರೆ ಭಾಷೆಗಳಿಗೂ ಹೋಯಿತು. ದುಃಖ ಹೋಗುವುದಿಲ್ಲ ಎಂಬ ಲೆಕ್ಕಕ್ಕೆ ಆ ಪತ್ರ ಸಿಗುವುದಿಲ್ಲ. ಅದರಲ್ಲಿ ಯಾರ ಮೇಲೂ ಶಾಪವಿಲ್ಲ, ದಾಟಿಸು ಎಂಬ ಕೋರಿಕೆಯಿಲ್ಲ. ಓದಿದವರು ತಾವೇ ಕೂತು ತಂತಮ್ಮ ಭಾಷೆಗೆ ತಂದುಕೊಂಡರು. ಭಾಷಾಂತರ ಮಾಡಬೇಕಾದರೆ ಒಂದೊಂದು ವಾಕ್ಯದ ಮುಂದೆಯೂ ನಿಲ್ಲಬೇಕು. ಗುಂಡಿ ಒತ್ತುವ ಕೆಲಸ ಅಲ್ಲ ಅದು.

ಇನ್ನೊಂದು, 2018ರದು. ಮಾರ್ಚ್ 20ರಂದು ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯ್ದೆಯ ಹಲ್ಲು ಕೀಳುವ ತೀರ್ಪು ಕೊಟ್ಟಿತು. ದೂರು ಕೊಟ್ಟರೂ ಮೊದಲು ಪ್ರಾಥಮಿಕ ವಿಚಾರಣೆ, ಸರ್ಕಾರಿ ನೌಕರನಾದರೆ ಬಂಧನಕ್ಕೆ ಮೇಲಧಿಕಾರಿಯ ಅನುಮತಿ. ಯಾವ ದೊಡ್ಡ ಪಕ್ಷದ ನಾಯಕನೂ ಮುಂದೆ ನಿಂತು ಕರೆ ಕೊಡಲಿಲ್ಲ. ಹೆಸರೇ ಕೇಳದ ಸಣ್ಣ ಸಣ್ಣ ಸಂಘಟನೆಗಳು, ನೌಕರರ ಗುಂಪುಗಳು, ಹಳ್ಳಿಯ ಅಂಬೇಡ್ಕರ್ ಯುವಕ ಸಂಘಗಳು ವಾಟ್ಸಾಪಿನಲ್ಲಿ ಏಪ್ರಿಲ್ 2, ಭಾರತ್ ಬಂದ್ ಎಂದು ದಾಟಿಸಿಕೊಂಡವು. ಅದರಲ್ಲಿ ದಿನ ಇತ್ತು, ಮಾಡಬೇಕಾದ ಕೆಲಸ ಇತ್ತು, ಯಾಕೆ ಎಂಬ ಕಾರಣವೂ ಇತ್ತು. ದಾಟಿಸಿದವನು ತಾನೂ ಬೀದಿಗೆ ಬರುವವನಾಗಿದ್ದ. ಪಂಜಾಬಿನಲ್ಲಿ ಸರ್ಕಾರ ಮುಂಚೆಯೇ ಮೊಬೈಲ್ ಇಂಟರ್ನೆಟ್ ನಿಲ್ಲಿಸಿತು. ಜನ ಬೀದಿಗೆ ಬಂದರು. ಮಧ್ಯಪ್ರದೇಶದ ಗ್ವಾಲಿಯರ್, ಭಿಂಡ್ ಕಡೆ ಗುಂಡು ಹಾರಿದವು. ದೇಶದಲ್ಲಿ ಆ ದಿನ ಕಡಿಮೆ ಅಂದರೂ ಒಂಬತ್ತು ಮಂದಿ ಸತ್ತರು. ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಗೆ 18ಎ ಎಂಬ ಹೊಸ ಕಲಂ ಸೇರಿಸಿ, ಪ್ರಾಥಮಿಕ ವಿಚಾರಣೆಯೂ ಬೇಡ, ಬಂಧನಕ್ಕೆ ಅನುಮತಿಯೂ ಬೇಡ ಎಂದು ಬರೆಯಿತು.